ಸದ್ದು ಮಾಡದ, ಕೈಕೊಡದ ಪವರ್ ಸಪ್ಲೈ ಆರಿಸುವುದು ಹೇಗೆ?

ಹೊಸ ಕಂಪ್ಯೂಟರ್ ಅಸೆಂಬಲ್ ಮಾಡಿಸುವವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಎಷ್ಟು ವ್ಯಾಟ್ ಎಸ್‌ಎಂಪಿಎಸ್ ಹಾಕಿಸಲಿ?" ಪ್ರೊಸೆಸರ್ ಬಗ್ಗೆ ವಾರಗಟ್ಟಲೆ ಓದಿರುತ್ತಾರೆ. ಗ್ರಾಫಿಕ್ಸ್ ಕಾರ್ಡ್‌ಗೆ ನಾಲ್ಕು ಅಂಗಡಿಯಲ್ಲಿ ರೇಟು ಕೇಳಿರುತ್ತಾರೆ. ಪವರ್ ಸಪ್ಲೈ ವಿಷಯ ಬಂದಾಗ ಮಾತ್ರ "ಯಾವುದಾದರೂ ಒಂದು ಹಾಕಿ" ಅಂದುಬಿಡುತ್ತಾರೆ. ಆರು ತಿಂಗಳಾದ ಮೇಲೆ ಇನ್ನೆರಡು ಪ್ರಶ್ನೆ ಬರುತ್ತವೆ. "ಸಿಪಿಯು ಡಬ್ಬ ಯಾಕೆ ಇಷ್ಟು ಗೊರ್ ಅನ್ನುತ್ತೆ?" "ಗೇಮ್ ಆಡುವಾಗ ತಟ್ಟಂತ ಆಫ್ ಆಗುತ್ತಲ್ಲ, ಯಾಕೆ?"

ನನ್ನ ಮೊದಲ ಕಂಪ್ಯೂಟರಿನಲ್ಲಿ ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್ ಇತ್ತು. ಅದು ಸುಟ್ಟಾಗ ಮದರ್‌ಬೋರ್ಡೂ ಹಾರ್ಡ್ ಡಿಸ್ಕೂ ಜೊತೆಗೇ ಹೋದವು. ಡಿಸ್ಕಿನಲ್ಲಿದ್ದ ಮನೆಯ ಫೋಟೋಗಳು ಮತ್ತೆ ಸಿಗಲಿಲ್ಲ. ನಿಮಗೆ ಹಾಗಾಗಬಾರದು ಅಂತಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಎಸ್‌ಎಂಪಿಎಸ್, ಪಿಎಸ್‌ಯು, ಪವರ್ ಸಪ್ಲೈ ಮೂರೂ ಒಂದೇ. ಗೋಡೆಯಿಂದ ಬರುವ 230 ವೋಲ್ಟ್ ಎಸಿ ಕರೆಂಟನ್ನು 12, 5 ಮತ್ತು 3.3 ವೋಲ್ಟ್‌ಗಳ ಡಿಸಿ ಮಾಡಿ ಒಳಗಿನ ಭಾಗಗಳಿಗೆ ಹಂಚುವುದು ಅದರ ಕೆಲಸ. ಹಾಗೆ ಬದಲಿಸುವಾಗ ಸ್ವಲ್ಪ ಕರೆಂಟು ಬಿಸಿಯಾಗಿ ಪೋಲಾಗುತ್ತದೆ. ಆ ಬಿಸಿಯನ್ನು ಹೊರಗೆ ತಳ್ಳಲು ಫ್ಯಾನ್ ಬೇಕು. ಬಿಸಿ ಜಾಸ್ತಿಯಾದಷ್ಟೂ ಫ್ಯಾನ್ ಜೋರಾಗಿ ತಿರುಗುತ್ತದೆ, ಸದ್ದು ಜಾಸ್ತಿಯಾಗುತ್ತದೆ. ಅದೇ ಬಿಸಿ ಒಳಗಿನ ಕೆಪಾಸಿಟರ್‌ಗಳನ್ನೂ ಒಣಗಿಸುತ್ತದೆ. ಹಾಗಾಗಿ ಸದ್ದಿಲ್ಲದ ಪವರ್ ಸಪ್ಲೈ ಬೇರೆ, ಬಾಳಿಕೆ ಬರುವ ಪವರ್ ಸಪ್ಲೈ ಬೇರೆ ಅಂತ ಹುಡುಕಬೇಕಿಲ್ಲ. ಬಿಸಿ ಕಡಿಮೆ ಇದ್ದರೆ ಎರಡೂ ಸಿಗುತ್ತವೆ.

ಒಂದು ಲೆಕ್ಕ ನೋಡಿ. ನಿಮ್ಮ ಕಂಪ್ಯೂಟರ್ 300 ವ್ಯಾಟ್ ಕೇಳುತ್ತಿದೆ ಅಂದುಕೊಳ್ಳಿ. ಶೇಕಡಾ 80ರಷ್ಟು ದಕ್ಷತೆಯ ಪವರ್ ಸಪ್ಲೈ ಅದಕ್ಕಾಗಿ ಗೋಡೆಯಿಂದ 375 ವ್ಯಾಟ್ ಎಳೆಯುತ್ತದೆ. ಉಳಿದ 75 ವ್ಯಾಟ್ ಆ ಪುಟ್ಟ ಡಬ್ಬಿಯೊಳಗೇ ಬಿಸಿಯಾಗುತ್ತದೆ. ಹಳೇ ಕಾಲದ 60 ವ್ಯಾಟ್ ಬಲ್ಬು ಮುಟ್ಟಿದರೆ ಕೈ ಸುಡುತ್ತಿತ್ತಲ್ವಾ, ಅದಕ್ಕಿಂತ ಜಾಸ್ತಿ. ದಕ್ಷತೆ ಶೇಕಡಾ 90 ಇದ್ದರೆ ಬಿಸಿಯಾಗುವುದು ಸುಮಾರು 33 ವ್ಯಾಟ್ ಮಾತ್ರ.

ಶುರು ಮಾಡುವ ಮುಂಚೆ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಪೂರ್ತಿ ಮಾಡೆಲ್ ಹೆಸರು, ಕ್ಯಾಬಿನೆಟ್ ಮಾಡೆಲ್, ಯುಪಿಎಸ್ ಇದ್ದರೆ ಅದರ ಮೇಲೆ ಬರೆದ ವಿಎ (ವೋಲ್ಟ್-ಆಂಪಿಯರ್) ಮತ್ತು ವ್ಯಾಟ್ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

1. ಸದ್ದು ನಿಜಕ್ಕೂ ಅಲ್ಲಿಂದಲೇ ಬರುತ್ತಿದೆಯಾ?

ಹಳೇ ಕಂಪ್ಯೂಟರಿನ ಗಲಾಟೆ ತಾಳಲಾರದೆ ಪವರ್ ಸಪ್ಲೈ ಬದಲಿಸಲು ಹೊರಟಿದ್ದರೆ ಮೊದಲು ಇದನ್ನು ಮಾಡಿ. ಒಂದು ನ್ಯೂಸ್‌ಪೇಪರ್ ಹಾಳೆಯನ್ನು ಕೊಳವೆಯಂತೆ ಸುತ್ತಿ ಒಂದು ತುದಿಯನ್ನು ಕಿವಿಗೆ ಇಟ್ಟುಕೊಳ್ಳಿ. ಇನ್ನೊಂದು ತುದಿಯನ್ನು ಕ್ಯಾಬಿನೆಟ್ಟಿನ ಹಿಂದೆ, ಬದಿಯಲ್ಲಿ, ಮೇಲೆ ಒಂದೊಂದಾಗಿ ಹಿಡಿಯಿರಿ. ಎಷ್ಟೋ ಸಲ ಗೊರಗುಟ್ಟುವುದು ಪ್ರೊಸೆಸರ್ ಮೇಲಿನ ಫ್ಯಾನ್ ಅಥವಾ ಕ್ಯಾಬಿನೆಟ್ ಫ್ಯಾನ್ ಆಗಿರುತ್ತದೆ. ಅದಾದರೆ ಸಣ್ಣ ಖರ್ಚಿನಲ್ಲೇ ಮುಗಿಯುತ್ತದೆ.

"ಕೀಂ" ಅಂತ ಸಣ್ಣಗೆ ಕೇಳುವ ಸದ್ದು ಬೇರೆ. ಅದು ಕಾಯಿಲ್‌ಗಳು, ಅಂದರೆ ತಾಮ್ರದ ತಂತಿ ಸುತ್ತಿದ ಸುರುಳಿಗಳು, ಕಂಪಿಸುವಾಗ ಬರುವ ಸದ್ದು. ಗೇಮ್ ಆಡುವಾಗ ಮಾತ್ರ ಕೇಳಿಸಿದರೆ ಬಹುತೇಕ ಗ್ರಾಫಿಕ್ಸ್ ಕಾರ್ಡಿನಿಂದಲೇ ಬಂದಿರುತ್ತದೆ. ಗೇಮಿನ ಫ್ರೇಮ್ ರೇಟಿಗೆ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದಕ್ಕೆ, ಮಿತಿ ಹಾಕಿ ನೋಡಿ, ಕಡಿಮೆಯಾಗಬಹುದು.

ಪರೀಕ್ಷೆ ಮಾಡಲು ಹೋಗಿ ಪವರ್ ಸಪ್ಲೈ ಫ್ಯಾನ್ ಒಳಗೆ ಪೆನ್ನು, ಕಡ್ಡಿ ತೂರಿಸಬೇಡಿ.

2. ನಿಮಗೆ ಬೇಕಾದ ವ್ಯಾಟ್ ಲೆಕ್ಕ ಹಾಕಿ

ಪ್ರೊಸೆಸರಿನ ಗರಿಷ್ಠ ವ್ಯಾಟ್, ಗ್ರಾಫಿಕ್ಸ್ ಕಾರ್ಡಿನ ವ್ಯಾಟ್, ಜೊತೆಗೆ ಮದರ್‌ಬೋರ್ಡ್, ರ್‍ಯಾಮ್, ಡಿಸ್ಕ್, ಫ್ಯಾನ್ ಎಲ್ಲಕ್ಕೂ ಸೇರಿ 60 ವ್ಯಾಟ್. ಇಷ್ಟನ್ನು ಕೂಡಿಸಿ.

ಇಂಟೆಲ್ ಐ5-12400 ಪ್ರೊಸೆಸರ್ ತಗೊಳ್ಳಿ. ಅದರ ಮೇಲೆ 65 ವ್ಯಾಟ್ ಅಂತ ಇರುತ್ತದೆ, ಆದರೆ ಜೋರಾಗಿ ಕೆಲಸ ಮಾಡುವಾಗ 117 ವ್ಯಾಟ್ ತನಕ ಹೋಗುತ್ತದೆ. ಆ ಗರಿಷ್ಠ ಸಂಖ್ಯೆಯನ್ನೇ ಹಿಡಿಯಬೇಕು. ಎನ್‌ವಿಡಿಯಾ ಆರ್‌ಟಿಎಕ್ಸ್ 4060 ಕಾರ್ಡಿಗೆ 115 ವ್ಯಾಟ್. ಉಳಿದದ್ದಕ್ಕೆ 60. ಒಟ್ಟು 292. ಇದರ ಸುಮಾರು ಒಂದೂಮುಕ್ಕಾಲು ಪಟ್ಟು ಅಂದರೆ 500ರಿಂದ 550 ವ್ಯಾಟ್. ಅಷ್ಟು ಸಾಕು. ಗ್ರಾಫಿಕ್ಸ್ ಕಾರ್ಡ್ ಇಲ್ಲದ, ಟ್ಯಾಲಿ ಮತ್ತು ಬ್ರೌಸರ್‌ಗೆ ಮಾತ್ರ ಬಳಸುವ ಮೆಷಿನ್‌ಗೆ 400 ಅಥವಾ 450 ವ್ಯಾಟಿನ ಒಳ್ಳೆಯ ಸಪ್ಲೈ ಧಾರಾಳವಾಯಿತು.

ಒಂದೂಮುಕ್ಕಾಲು ಪಟ್ಟು ಯಾಕೆ? ಗರಿಷ್ಠದ ಅರ್ಧದಷ್ಟು ಹೊರೆಯಲ್ಲಿ ದಕ್ಷತೆ ಚೆನ್ನಾಗಿರುತ್ತದೆ, ಫ್ಯಾನ್ ಮೆಲ್ಲಗೆ ತಿರುಗುತ್ತದೆ. ಇನ್ನೊಂದು ಕಾರಣವೂ ಇದೆ. ಈಗಿನ ಗ್ರಾಫಿಕ್ಸ್ ಕಾರ್ಡ್‌ಗಳು ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ ಹೊತ್ತು ತಮ್ಮ ಲೆಕ್ಕ ಮೀರಿ ಕರೆಂಟು ಎಳೆಯುತ್ತವೆ. ಗೇಮ್ ನಡುವೆ ತಟ್ಟಂತ ಆಫ್ ಆಗುವುದಕ್ಕೆ ಎಷ್ಟೋ ಸಲ ಇದೇ ಕಾರಣ. 2022ರಲ್ಲಿ ಇಂಟೆಲ್ ಹೊರತಂದ, ಪವರ್ ಸಪ್ಲೈ ಹೇಗಿರಬೇಕು ಅನ್ನುವ ಎಟಿಎಕ್ಸ್ 3.0 ನಿಯಮ ಈ ಜಿಗಿತಗಳನ್ನು ತಾಳಿಕೊಳ್ಳಲೆಂದೇ ಮಾಡಿದ್ದು. ಅದರಲ್ಲಿ ದೊಡ್ಡ ಸಪ್ಲೈಗಳು 100 ಮೈಕ್ರೋಸೆಕೆಂಡ್ ಕಾಲ ತಮ್ಮ ಸಾಮರ್ಥ್ಯದ ಎರಡು ಪಟ್ಟನ್ನೂ ತಡೆದುಕೊಳ್ಳಬೇಕು. ಹೊಸದಾಗಿ ಕೊಳ್ಳುವಾಗ ಎಟಿಎಕ್ಸ್ 3.0 ಅಥವಾ 3.1 ಅಂತ ಬರೆದದ್ದನ್ನೇ ನೋಡಿ.

ಹಾಗಂತ 300 ವ್ಯಾಟಿನ ಮೆಷಿನ್‌ಗೆ 1000 ವ್ಯಾಟ್ ಹಾಕಿಸಬೇಡಿ. ಆ ದುಡ್ಡಿಗೆ ಚಿಕ್ಕದಾದರೂ ಉತ್ತಮ ದರ್ಜೆಯದು ಬರುತ್ತದೆ.

3. ಸ್ಟಿಕ್ಕರ್ ಓದಿ, ಡಬ್ಬಿಯ ಮೇಲಿನ ದೊಡ್ಡ ಅಕ್ಷರ ಅಲ್ಲ

ಇಡೀ ಲೇಖನದಲ್ಲಿ ಇದೊಂದನ್ನು ಓದಿದರೂ ಸಾಕು. ಪವರ್ ಸಪ್ಲೈ ಪಕ್ಕದಲ್ಲಿ ಒಂದು ಕೋಷ್ಟಕದ ಸ್ಟಿಕ್ಕರ್ ಇರುತ್ತದೆ. ಅದರಲ್ಲಿ +12 ವೋಲ್ಟ್ ಅಂತ ಬರೆದ ಕಾಲಮ್ ಹುಡುಕಿ. ಕೆಳಗೆ ಎಷ್ಟು ಆಂಪಿಯರ್ ಅಂತ ಇರುತ್ತದೆ. ಅದನ್ನು 12ರಿಂದ ಗುಣಿಸಿ.

ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟು ಪಡೆಯುವುದು ಈ 12 ವೋಲ್ಟ್ ಸಾಲಿನಿಂದಲೇ. ಪೆಂಟಿಯಂ 4 ಕಾಲಕ್ಕೂ ಮುಂಚೆ ಪ್ರೊಸೆಸರ್‌ಗಳು 5 ವೋಲ್ಟ್, 3.3 ವೋಲ್ಟ್ ಸಾಲುಗಳನ್ನು ನೆಚ್ಚಿಕೊಂಡಿದ್ದವು. ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ ಇವತ್ತಿಗೂ ಆ ಹಳೇ ವಿನ್ಯಾಸವೇ ಇರುತ್ತದೆ. ಡಬ್ಬಿಯ ಮೇಲೆ ದಪ್ಪಗೆ 450 ಅಂತ ಇದ್ದು, ಸ್ಟಿಕ್ಕರ್‌ನಲ್ಲಿ +12 ವೋಲ್ಟ್ ಕೆಳಗೆ 16 ಆಂಪಿಯರ್ ಇದ್ದರೆ ಅದು 192 ವ್ಯಾಟ್. ಮಿಕ್ಕದ್ದೆಲ್ಲ ನಿಮಗೆ ಬೇಡವೇ ಬೇಡದ 5 ಮತ್ತು 3.3 ವೋಲ್ಟ್ ಲೆಕ್ಕ. ಒಳ್ಳೆಯ 450 ವ್ಯಾಟ್ ಸಪ್ಲೈನಲ್ಲಿ ಅದೇ ಜಾಗದಲ್ಲಿ 36 ಆಂಪಿಯರ್ ಆಸುಪಾಸು ಇರುತ್ತದೆ, ಅಂದರೆ 432 ವ್ಯಾಟ್.

ಎರಡಕ್ಕೂ ಹೆಸರು 450. ಒಂದು ಇನ್ನೊಂದರ ಅರ್ಧಕ್ಕೂ ಇಲ್ಲ. ಅಂಗಡಿಯವರು "ಎಲ್ಲಾ ಒಂದೇ ಸರ್" ಅಂದರೆ ಡಬ್ಬಿ ತಿರುಗಿಸಿ ಈ ಸಂಖ್ಯೆ ತೋರಿಸಿ. ಸ್ಟಿಕ್ಕರ್‌ನಲ್ಲಿ ಆಂಪಿಯರ್ ವಿವರವೇ ಇಲ್ಲದಿದ್ದರೆ ಆ ಮಾಲು ಬೇಡ.

4. ದಕ್ಷತೆಯ ಗುರುತು

80 ಪ್ಲಸ್ ಅನ್ನುವುದು ದಕ್ಷತೆಯ ಸರ್ಟಿಫಿಕೇಟ್. ಬರೀ 80 ಪ್ಲಸ್, ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ, ಟೈಟಾನಿಯಂ ಅಂತ ಮೆಟ್ಟಿಲುಗಳಿವೆ. ಅರ್ಧ ಹೊರೆಯಲ್ಲಿ, 115 ವೋಲ್ಟ್ ಪರೀಕ್ಷೆಯಲ್ಲಿ ಬ್ರಾಂಜ್‌ಗೆ ಶೇಕಡಾ 85, ಗೋಲ್ಡ್‌ಗೆ 90, ಪ್ಲಾಟಿನಂಗೆ 92 ಬೇಕು. ನಮ್ಮ 230 ವೋಲ್ಟ್‌ನಲ್ಲಿ ಇದಕ್ಕಿಂತ ಸ್ವಲ್ಪ ಜಾಸ್ತಿಯೇ ಸಿಗುತ್ತದೆ.

ಸದ್ದು ಬೇಡ ಅನ್ನುವವರಿಗೆ ನನ್ನ ಸಲಹೆ ಗೋಲ್ಡ್. ಬ್ರಾಂಜ್‌ನಿಂದ ಗೋಲ್ಡ್‌ಗೆ ಹೋದಾಗ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಗೋಲ್ಡ್‌ನಿಂದ ಪ್ಲಾಟಿನಂಗೆ ಹೋದಾಗ ಜೇಬಿಗೆ ಗೊತ್ತಾಗುವುದೇ ಜಾಸ್ತಿ.

ಇಲ್ಲೊಂದು ಎಚ್ಚರ. ಈ ಸರ್ಟಿಫಿಕೇಟ್ ದಕ್ಷತೆಯನ್ನಷ್ಟೇ ಹೇಳುತ್ತದೆ. ಸದ್ದಿನ ಬಗ್ಗೆ, ರಕ್ಷಣೆಯ ಬಗ್ಗೆ ಏನೂ ಹೇಳುವುದಿಲ್ಲ. ಪರೀಕ್ಷೆ ನಡೆಯುವುದೂ ಸುಮಾರು 23 ಡಿಗ್ರಿಯ ತಂಪು ಕೋಣೆಯಲ್ಲಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹೊರಗೇ 40 ದಾಟುತ್ತದೆ, ಕ್ಯಾಬಿನೆಟ್ ಒಳಗೆ ಇನ್ನೂ ಜಾಸ್ತಿ. ಆದ್ದರಿಂದ ಕಂಪನಿಯ ವಿವರ ಪಟ್ಟಿಯಲ್ಲಿ ಪೂರ್ತಿ ವ್ಯಾಟನ್ನು ಎಷ್ಟು ಡಿಗ್ರಿಯಲ್ಲಿ ಕೊಡುತ್ತದೆ ಅಂತ ನೋಡಿ. 40 ಡಿಗ್ರಿ ಪರವಾಗಿಲ್ಲ, 50 ಡಿಗ್ರಿ ಇದ್ದರೆ ಒಳ್ಳೆಯದು.

5. ಫ್ಯಾನ್ ಮತ್ತು ಸದ್ದಿನ ಅಂಕಿ

ಸೈಪ್ರಸ್‌ನ ಸೈಬೆನೆಟಿಕ್ಸ್ ಅನ್ನುವ ಸಂಸ್ಥೆ ಪವರ್ ಸಪ್ಲೈಗಳ ಸದ್ದನ್ನೂ ಅಳೆದು ದರ್ಜೆ ಕೊಡುತ್ತದೆ. ಎ++ ಅಂದರೆ ಸರಾಸರಿ 15 ಡೆಸಿಬಲ್‌ಗಿಂತ ಕಡಿಮೆ, ಎ+ ಅಂದರೆ 15ರಿಂದ 20, ಎ ಅಂದರೆ 20ರಿಂದ 25, ಎ- ಅಂದರೆ 25ರಿಂದ 30. ರಾತ್ರಿ ನಿಶ್ಶಬ್ದವಾದ ಕೋಣೆಯಲ್ಲೇ 30 ಡೆಸಿಬಲ್ ಆಸುಪಾಸು ಇರುತ್ತದೆ. ತಲೆ ಮೇಲೆ ಸೀಲಿಂಗ್ ಫ್ಯಾನ್ ತಿರುಗುತ್ತಿದ್ದರೆ ಎ ದರ್ಜೆಯ ಸಪ್ಲೈ ನಿಮ್ಮ ಕಿವಿಗೆ ಬೀಳುವುದೇ ಇಲ್ಲ. ಮನೆಯಲ್ಲೇ ಹಾಡು, ಪಾಡ್‌ಕಾಸ್ಟ್ ರೆಕಾರ್ಡ್ ಮಾಡುವವರಿಗೆ ಮಾತ್ರ ಎ+ ಅಥವಾ ಎ++ ಬೇಕಾದೀತು.

ಫ್ಯಾನ್ ದೊಡ್ಡದಿದ್ದಷ್ಟೂ ಕಡಿಮೆ ವೇಗದಲ್ಲಿ ಹೆಚ್ಚು ಗಾಳಿ ತಳ್ಳುತ್ತದೆ. 120 ಮಿಲಿಮೀಟರ್‌ಗಿಂತ ಕಡಿಮೆಯದು ಬೇಡ. ಬೇರಿಂಗ್ ಯಾವುದು ಅಂತಲೂ ನೋಡಿ. ಸ್ಲೀವ್ ಬೇರಿಂಗ್ ಶುರುವಿನಲ್ಲಿ ಸುಮ್ನೆ ಇದ್ದು, ಎಣ್ಣೆ ಒಣಗಿದ ಮೇಲೆ ಕಿರ್ ಕಿರ್ ಅನ್ನುತ್ತದೆ. ಬಿಸಿ ಊರುಗಳಲ್ಲಿ ಇನ್ನೂ ಬೇಗ. ಎಫ್‌ಡಿಬಿ, ಅಂದರೆ ಎಣ್ಣೆಯ ತೆಳು ಪದರದ ಮೇಲೆ ತಿರುಗುವ ಫ್ಲೂಯಿಡ್ ಡೈನಮಿಕ್ ಬೇರಿಂಗ್, ಸದ್ದಿಗೂ ಬಾಳಿಕೆಗೂ ಒಳ್ಳೆಯದು.

ಕೆಲವು ಸಪ್ಲೈಗಳಲ್ಲಿ ಹೊರೆ ಕಡಿಮೆ ಇದ್ದಾಗ ಫ್ಯಾನ್ ಪೂರ್ತಿ ನಿಂತೇ ಇರುತ್ತದೆ. ಇದನ್ನು ಜೀರೋ ಆರ್‌ಪಿಎಂ ಅಥವಾ ಹೈಬ್ರಿಡ್ ಮೋಡ್ ಅನ್ನುತ್ತಾರೆ. ಬೆಂಗಳೂರು, ಮೈಸೂರು, ಮಡಿಕೇರಿಯಲ್ಲಿ ಇದ್ದರೆ ಆನ್ ಮಾಡಿಕೊಳ್ಳಿ. ಬಿಸಿಲ ಸೀಮೆಯಲ್ಲಿ ಫ್ಯಾನ್ ಮೆಲ್ಲಗೆ ತಿರುಗುತ್ತಲೇ ಇರಲಿ ಅನ್ನುವುದು ನನ್ನ ಮಾತು. ಆ ಮೋಡ್ ಆಫ್ ಮಾಡಲು ಹಿಂದೆ ಸ್ವಿಚ್ ಇರುವ ಮಾಡೆಲ್ ಆರಿಸಿ.

6. ಒಳಗಿನ ಮಾಲು

ಕೆಪಾಸಿಟರ್ ಅಂದರೆ ಕರೆಂಟನ್ನು ಕ್ಷಣ ಹೊತ್ತು ಹಿಡಿದಿಟ್ಟು ಸಮ ಮಾಡಿ ಬಿಡುವ ಭಾಗ. ಚಿಕ್ಕ ಡಬ್ಬಿಯ ಹಾಗಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಒಳಗೆ ದ್ರವ ಇರುತ್ತದೆ. ಅದು ಒಣಗಿದಂತೆ ಸಪ್ಲೈ ಮುದಿಯಾಗುತ್ತದೆ. ಅವುಗಳ ಮೇಲೆ 85 ಡಿಗ್ರಿ ಅಥವಾ 105 ಡಿಗ್ರಿ ಅಂತ ಅಚ್ಚು ಹಾಕಿರುತ್ತಾರೆ. ಆ ಬಿಸಿಯಲ್ಲಿ ಇಷ್ಟು ಗಂಟೆ ಬಾಳುತ್ತದೆ ಅಂತ ಅರ್ಥ. ಬಿಸಿ 10 ಡಿಗ್ರಿ ಇಳಿದರೆ ಆಯಸ್ಸು ಸುಮಾರು ಎರಡು ಪಟ್ಟಾಗುತ್ತದೆ.

105 ಡಿಗ್ರಿಯಲ್ಲಿ 2000 ಗಂಟೆ ಬಾಳುವಂಥದ್ದು 65 ಡಿಗ್ರಿಯಲ್ಲಿದ್ದರೆ 32,000 ಗಂಟೆ. ದಿನಕ್ಕೆ 8 ಗಂಟೆ ಬಳಸಿದರೆ ಹನ್ನೊಂದು ವರ್ಷದ ಹತ್ತಿರ. ಅದೇ ಜಾಗದಲ್ಲಿ 85 ಡಿಗ್ರಿಯ 2000 ಗಂಟೆಯದು ಇದ್ದರೆ 8000 ಗಂಟೆ, ಅಂದರೆ ಮೂರು ವರ್ಷವೂ ಇಲ್ಲ. ಎಲ್ಲಾ ಕೆಪಾಸಿಟರ್‌ಗಳೂ 105 ಡಿಗ್ರಿಯವು ಅಂತ ಕಂಪನಿ ಹೇಳಿದೆಯಾ ನೋಡಿ. ನಿಚಿಕಾನ್, ರೂಬಿಕಾನ್, ನಿಪ್ಪಾನ್ ಕೆಮಿಕಾನ್ ಈ ಕೆಲಸದಲ್ಲಿ ಹೆಸರು ಮಾಡಿದ ಜಪಾನಿನ ಕಂಪನಿಗಳು.

ರಕ್ಷಣೆಗಳ ಪಟ್ಟಿಯಲ್ಲಿ ಆರು ಇರಬೇಕು: ಒಪಿಪಿ ಒಟ್ಟು ಹೊರೆ ಮೀರಿದಾಗ, ಒಸಿಪಿ ಒಂದು ಸಾಲಿನಲ್ಲಿ ಕರೆಂಟು ಮೀರಿದಾಗ, ಒವಿಪಿ ವೋಲ್ಟೇಜ್ ಏರಿದಾಗ, ಯುವಿಪಿ ಇಳಿದಾಗ, ಎಸ್‌ಸಿಪಿ ಶಾರ್ಟ್ ಆದಾಗ, ಒಟಿಪಿ ಬಿಸಿ ಮೀರಿದಾಗ ಸಪ್ಲೈಯನ್ನು ಬಂದ್ ಮಾಡುತ್ತವೆ. ಅಗ್ಗದವುಗಳಲ್ಲಿ ಒಟಿಪಿ, ಒಸಿಪಿ ಎರಡನ್ನು ಬಿಟ್ಟಿರುತ್ತಾರೆ. ಸುಟ್ಟುಹೋದಾಗ ಬೇರೆ ಭಾಗಗಳನ್ನೂ ಸುಡುವುದು ಇಂಥವೇ.

ಬ್ರಾಂಡ್ ಒಂದನ್ನೇ ನಂಬಬೇಡಿ. ತೈವಾನಿನ ಸೀಸಾನಿಕ್ ತಾನೇ ತಯಾರಿಸಿ ತನ್ನ ಹೆಸರಲ್ಲಿ ಮಾರುತ್ತದೆ. ಕೋರ್ಸೇರ್‌ನಂಥವರು ಬೇರೆ ಕಾರ್ಖಾನೆಗಳಿಂದ ಮಾಡಿಸುತ್ತಾರೆ. ಒಂದೇ ಬ್ರಾಂಡಿನಲ್ಲಿ ತುಂಬಾ ಒಳ್ಳೆಯದೂ ಇರುತ್ತದೆ, ಸಾಧಾರಣವೂ ಇರುತ್ತದೆ. ಪೂರ್ತಿ ಮಾಡೆಲ್ ಹೆಸರು ಹಾಕಿ ವಿಮರ್ಶೆ ಹುಡುಕಿ. ರಿಪಲ್, ಅಂದರೆ ಡಿಸಿ ಕರೆಂಟಿನಲ್ಲಿ ಉಳಿಯುವ ಏರಿಳಿತವನ್ನು ಅಳೆದು ತೋರಿಸಿದ ವಿಮರ್ಶೆಗೆ ಬೆಲೆ ಕೊಡಿ. 12 ವೋಲ್ಟ್ ಸಾಲಿನಲ್ಲಿ 120 ಮಿಲಿವೋಲ್ಟ್ ತನಕ ನಿಯಮ ಒಪ್ಪುತ್ತದೆ. ಒಳ್ಳೆಯವು 50ರ ಒಳಗೇ ಇರುತ್ತವೆ. ಡಬ್ಬಿ ತೆರೆದು ಚಂದ ಇದೆ ಅನ್ನುವ ವಿಡಿಯೋ ವಿಮರ್ಶೆಗೆ ಬೆಲೆ ಕೊಡಬೇಡಿ.

7. ಮನೆಯ ಕರೆಂಟು: ಅರ್ಥಿಂಗ್, ಯುಪಿಎಸ್, ಇನ್ವರ್ಟರ್

ಹೊರಗಿನ ದೇಶಗಳ ವಿಮರ್ಶೆಗಳಲ್ಲಿ ಈ ಭಾಗ ಇರುವುದೇ ಇಲ್ಲ. ನಮಗೆ ಇದೇ ಮುಖ್ಯ.

ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಅನ್ನುತ್ತದೆಯಾ? ಪವರ್ ಸಪ್ಲೈ ಕೆಟ್ಟಿದೆ ಅಂತ ಬದಲಿಸಲು ಓಡಬೇಡಿ. ಪ್ರತಿ ಸಪ್ಲೈ ಒಳಗೂ ಗೊಂದಲದ ಸಿಗ್ನಲ್ ಸೋಸುವ ಎರಡು ಪುಟ್ಟ ಕೆಪಾಸಿಟರ್‌ಗಳು ಲೋಹದ ಮೈಗೆ ಜೋಡಿಸಿರುತ್ತವೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ಮೈಮೇಲೆ ಸುಮಾರು 115 ವೋಲ್ಟ್ ನಿಲ್ಲುತ್ತದೆ. ಕರೆಂಟಿನ ಪ್ರಮಾಣ ತೀರಾ ಕಡಿಮೆಯಾದ್ದರಿಂದ ಬರೀ ಜುಮ್ ಅನ್ನುತ್ತದೆ. ತೊಂದರೆ ಗೋಡೆಯಲ್ಲಿದೆ. ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್‌ನ ಫೇಸ್‌ಗೂ ಅರ್ಥ್‌ಗೂ ನಡುವೆ ವೋಲ್ಟೇಜ್ ಅಳೆಸಿ. ಫೇಸ್‌ಗೂ ನ್ಯೂಟ್ರಲ್‌ಗೂ ಇರುವಷ್ಟೇ ಹೆಚ್ಚುಕಮ್ಮಿ ಬರಬೇಕು. ಮೂರು ಪಿನ್‌ನ ಪ್ಲಗ್‌ಗೆ ಎರಡು ಪಿನ್‌ನ ಕನ್ವರ್ಟರ್ ಹಾಕಿ ಬಳಸಲೇಬೇಡಿ.

ಇನ್ನು ಯುಪಿಎಸ್. ಈಗಿನ ಒಳ್ಳೆಯ ಸಪ್ಲೈಗಳಲ್ಲೆಲ್ಲ ಆ್ಯಕ್ಟಿವ್ ಪಿಎಫ್‌ಸಿ ಅನ್ನುವ ಸರ್ಕ್ಯೂಟ್ ಇರುತ್ತದೆ. ಅದು ಕರೆಂಟಿನ ಅಲೆಯನ್ನು ನೋಡಿಕೊಂಡು ಹದವಾಗಿ ಎಳೆಯುತ್ತದೆ. ಅಗ್ಗದ ಯುಪಿಎಸ್‌ಗಳು ಬ್ಯಾಟರಿಗೆ ಬದಲಾದಾಗ ನಯವಾದ ಅಲೆ ಕೊಡದೆ ಮೆಟ್ಟಿಲು ಮೆಟ್ಟಿಲಾದ ಅಲೆ ಕೊಡುತ್ತವೆ. ಕೆಲವು ಸಪ್ಲೈಗಳಿಗೆ ಅದು ಹಿಡಿಸದೆ ಆಫ್ ಆಗಿಬಿಡುತ್ತವೆ. ಹೊಸ ಸಪ್ಲೈ ಹಾಕಿದ ದಿನವೇ, ಮುಖ್ಯ ಫೈಲುಗಳನ್ನೆಲ್ಲ ಮುಚ್ಚಿ, ಗೋಡೆಯ ಸ್ವಿಚ್ ಆಫ್ ಮಾಡಿ ಪರೀಕ್ಷಿಸಿ. ಯುಪಿಎಸ್ಸೂ ಹೊಸದು ಕೊಳ್ಳುವುದಾದರೆ ಪ್ಯೂರ್ ಸೈನ್ ವೇವ್, ಅಂದರೆ ನಯವಾದ ಅಲೆ ಕೊಡುವಂಥದ್ದು, ಅಂತ ಕೇಳಿ.

ಅದರ ವ್ಯಾಟನ್ನೂ ನೋಡಿ. 600 ವಿಎ ಅನ್ನುವ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟಿನದು. ಮೇಲೆ ಲೆಕ್ಕ ಹಾಕಿದ 292 ವ್ಯಾಟಿನ ಮೆಷಿನ್ ಗೋಡೆಯಿಂದ ಸುಮಾರು 325 ಎಳೆಯುತ್ತದೆ, ಮಾನಿಟರ್‌ಗೆ ಇನ್ನೊಂದು 30. ಅಲ್ಲಿಗೆ 355 ಆಯಿತು, ಮಿತಿಯ ಅಂಚಿಗೇ ಬಂತು. ಗೇಮ್ ನಡುವೆ ಕರೆಂಟು ಹೋದರೆ ಆ ಯುಪಿಎಸ್ ಚೀರಿ ಕೈಬಿಡಬಹುದು. 1000 ವಿಎ ಬೇಕು.

ಮನೆಯ ಇನ್ವರ್ಟರ್‌ಗೆ ನೇರವಾಗಿ ಜೋಡಿಸುವವರು ಅದರ ಹಿಂದಿರುವ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿ. ನಾರ್ಮಲ್ ಮೋಡ್‌ನಲ್ಲಿ ಬದಲಾಗುವ ಹೊತ್ತು ಜಾಸ್ತಿ. ಪವರ್ ಸಪ್ಲೈ ಕರೆಂಟಿಲ್ಲದೆ ತಡೆದುಕೊಳ್ಳುವುದು 16 ಮಿಲಿಸೆಕೆಂಡ್ ಆಸುಪಾಸು ಮಾತ್ರ.

ಮಲೆನಾಡು, ಕರಾವಳಿಯಲ್ಲಿ ಸಿಡಿಲಿನ ಮಳೆ ಶುರುವಾದರೆ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಇಂಟರ್ನೆಟ್ ಕೇಬಲ್ಲೂ ತೆಗೆಯಿರಿ. ಯಾವ ಸ್ಪೈಕ್ ಬಸ್ಟರ್ ಕೂಡ ಹತ್ತಿರ ಬಿದ್ದ ಸಿಡಿಲನ್ನು ತಡೆಯುವುದಿಲ್ಲ.

8. ಅಳತೆ, ಕೇಬಲ್, ಕನೆಕ್ಟರ್

ಸಾಮಾನ್ಯ ಕ್ಯಾಬಿನೆಟ್‌ಗೆ ಎಟಿಎಕ್ಸ್ ಅಳತೆ, ಪುಟಾಣಿ ಕ್ಯಾಬಿನೆಟ್‌ಗೆ ಎಸ್‌ಎಫ್‌ಎಕ್ಸ್. ಎಟಿಎಕ್ಸ್‌ನ ಉದ್ದ 140 ಮಿಲಿಮೀಟರಿನಿಂದ ಶುರುವಾಗಿ 180ರ ತನಕವೂ ಹೋಗುತ್ತದೆ. ಕ್ಯಾಬಿನೆಟ್‌ನ ವಿವರದಲ್ಲಿ ಮಿತಿ ನೋಡಿಕೊಳ್ಳಿ.

ಮಾಡ್ಯುಲರ್ ಅಂದರೆ ಬೇಕಾದ ಕೇಬಲ್ ಮಾತ್ರ ಸಿಕ್ಕಿಸಬಹುದಾದ ಸಪ್ಲೈ. ಅನುಕೂಲವೇ. ಆದರೆ ಹಳೇ ಸಪ್ಲೈ ಕೇಬಲ್ಲನ್ನು ಹೊಸದಕ್ಕೆ ಸಿಕ್ಕಿಸಬೇಡಿ, ಎರಡೂ ಒಂದೇ ಬ್ರಾಂಡಿನವಾದರೂ ಸರಿ. ಸಪ್ಲೈ ಕಡೆಯ ತುದಿಯಲ್ಲಿ ಯಾವ ಪಿನ್‌ನಲ್ಲಿ ಯಾವ ವೋಲ್ಟ್ ಅನ್ನುವುದಕ್ಕೆ ಎಲ್ಲರೂ ಒಪ್ಪಿದ ನಿಯಮವೇ ಇಲ್ಲ. ಕೇಬಲ್ ಸಲೀಸಾಗಿ ಕೂರುತ್ತದೆ, ಸ್ವಿಚ್ ಹಾಕಿದ ಕೂಡಲೇ ಡಿಸ್ಕ್ ಸುಡುತ್ತದೆ.

ದೊಡ್ಡ ಗ್ರಾಫಿಕ್ಸ್ ಕಾರ್ಡ್‌ಗಳ 16 ಪಿನ್ ಕನೆಕ್ಟರನ್ನು ಕೊನೆಯ ತನಕ ಒತ್ತಿ, ನಡುವೆ ಸಂದಿ ಕಾಣಬಾರದು. ಬುಡದಲ್ಲೇ ಬಗ್ಗಿಸಬೇಡಿ. ಅರ್ಧಂಬರ್ಧ ಕೂತ ಕನೆಕ್ಟರ್‌ಗಳು ಕರಗಿದ್ದುಂಟು.

9. ಜೋಡಿಸುವಾಗ, ಕೊಂಡ ಮೇಲೆ

ಕ್ಯಾಬಿನೆಟ್ ತಳದಲ್ಲಿ ಜಾಲರಿ ಇದ್ದರೆ ಫ್ಯಾನ್ ಕೆಳಮುಖವಾಗಿರಲಿ, ತಣ್ಣನೆಯ ಗಾಳಿ ಸಿಗುತ್ತದೆ. ಜಾಲರಿ ಇಲ್ಲದಿದ್ದರೆ ಮೇಲ್ಮುಖ. ನೆಲದ ಮೇಲೆ, ಚಾಪೆ ಮೇಲೆ ಇಡಬೇಡಿ. ಧೂಳಿನ ಫಿಲ್ಟರನ್ನು ತಿಂಗಳಿಗೊಮ್ಮೆ ತೆಗೆದು ಕೊಡವಿ. ಕ್ಯಾಬಿನೆಟ್ ಹಿಂದೆ ಖಾಲಿ ಬಿಟ್ಟ ಪಟ್ಟಿಗಳನ್ನು ಮುಚ್ಚಿಸಿ. ಬೆಚ್ಚನೆಯ ಜಾಗ ಹುಡುಕಿಕೊಂಡು ಹಲ್ಲಿ, ಇರುವೆ ಒಳಗೆ ಹೋಗುವುದು ಅಲ್ಲಿಂದಲೇ.

ಸದ್ದು ಬಂತು ಅಂತ ಪವರ್ ಸಪ್ಲೈಯ ಸ್ಕ್ರೂ ಬಿಚ್ಚಿ ಎಣ್ಣೆ ಬಿಡಲು ಹೋಗಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300ರಿಂದ 400 ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ. ವಾರಂಟಿ ಭಾರತದ್ದೇನಾ ಅಂತ ಕೇಳಿ. ಐದು ವರ್ಷಕ್ಕಿಂತ ಕಡಿಮೆ ವಾರಂಟಿ ಇರುವ ಗೋಲ್ಡ್ ಸಪ್ಲೈ ಬೇಡ, ಏಳು ಅಥವಾ ಹತ್ತು ವರ್ಷದ್ದು ಸಿಗುತ್ತದೆ. ವಿದೇಶಕ್ಕೆ ಕಂಪ್ಯೂಟರ್ ಒಯ್ಯುವ ಯೋಚನೆ ಇದ್ದರೆ ಸ್ಟಿಕ್ಕರ್‌ನಲ್ಲಿ 100ರಿಂದ 240 ವೋಲ್ಟ್ ಅಂತ ಇದೆಯಾ ನೋಡಿ. 200ರಿಂದ 240 ಅಂತ ಇರುವುದು ಅಮೆರಿಕದ 120 ವೋಲ್ಟ್‌ನಲ್ಲಿ ಕೆಲಸ ಮಾಡುವುದಿಲ್ಲ.

ಮತ್ತೆ ಆ ಬಿಲ್ಲು. ನುಣುಪು ಥರ್ಮಲ್ ಕಾಗದದ ಮೇಲೆ ಕೊಟ್ಟಿದ್ದರೆ ಅಕ್ಷರ ವರ್ಷದೊಳಗೆ ಮಾಸಿಹೋಗಬಹುದು. ಅಂಗಡಿಯಿಂದ ಹೊರಗೆ ಬರುವ ಮುಂಚೆಯೇ ಬಿಲ್ಲಿನದೊಂದು, ಸಪ್ಲೈ ಪಕ್ಕದ ಸ್ಟಿಕ್ಕರಿನದೊಂದು ಫೋಟೋ ತೆಗೆದು ನಿಮಗೆ ನೀವೇ ಮೇಲ್ ಮಾಡಿಕೊಳ್ಳಿ. ಒಮ್ಮೆ ಕ್ಯಾಬಿನೆಟ್ ಒಳಗೆ ಕೂರಿಸಿದ ಮೇಲೆ ಆ ಸ್ಟಿಕ್ಕರ್ ಮತ್ತೆ ಕಣ್ಣಿಗೆ ಬೀಳುವುದಿಲ್ಲ.